ಟಿಶ್ಯೂ ಕಲ್ಚರ್ ಅಂದ್ರೆ ಎಲ್ಲ ಗಿಡ ಒಂದೇ ತರ ಅಲ್ವಾ?

ಬಾಳೆತೋಟ: ನಮ್ಮ ತೋಟದ ಜಿ-9 ತಳಿಯ ಬಾಳೆ ಟಿಶ್ಯೂ ಕಲ್ಚರ್‌ನದು, ಅಂದರೆ ಗಿಡದ ತುಣುಕನ್ನು ಲ್ಯಾಬಿನ ಬಾಟಲಿಯಲ್ಲಿ ಬೆಳೆಸಿ ಮಾಡಿದ ಸಸಿ. ಎಲ್ಲವೂ ಒಂದೇ ಎತ್ತರ. ಭತ್ತ, ಗೋಧಿಯಲ್ಲಿ ಹೊಸ ಗುಣ ಹುಡುಕಲೂ ಟಿಶ್ಯೂ ಕಲ್ಚರ್ ಮಾಡಿ ವಿಕಿರಣ ಹಾಯಿಸುತ್ತಾರಂತೆ. ಒಂದೇ ತರ ಮಾಡುವ ವಿದ್ಯೆಯಲ್ಲಿ ಬೇರೆ ತರದ್ದು ಹೇಗೆ ಹುಟ್ಟುತ್ತದೆ?

ಲ್ಯಾಬ್ ಕೋಟು: ಬಾಳೆಯಲ್ಲಿ ಗಡ್ಡೆಯ ಸುಳಿ ತುದಿ ತೆಗೆದುಕೊಳ್ಳುತ್ತಾರೆ, ಅದಕ್ಕೇ ಸಸಿಗಳು ಹೆಚ್ಚುಕಮ್ಮಿ ಒಂದೇ ತರ. ಭತ್ತದಲ್ಲಿ ಬೀಜದ ಮೊಳಕೆ ಭಾಗದಿಂದ ಆಕಾರವಿಲ್ಲದ ಗಂಟು ಬೆಳೆಸುತ್ತಾರೆ, ಕ್ಯಾಲಸ್ ಅಂತ. ಅಲ್ಲಿ ಕೋಶಗಳು ಒಂದು ಎರಡಾಗಿ ವಿಭಜನೆಯಾಗುತ್ತಾ ಹೋದಂತೆ ವರ್ಣತಂತುಗಳಲ್ಲಿ ಎಡವಟ್ಟುಗಳಾಗುತ್ತವೆ. ಈ ವ್ಯತ್ಯಾಸಕ್ಕೆ 1981ರಲ್ಲಿ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಎಂಬ ವಿಜ್ಞಾನಿಗಳು ಸೋಮಾಕ್ಲೋನಲ್ ಎಂದು ಹೆಸರಿಟ್ಟರು. ಒಂದೇ ಸುಳಿಯಿಂದ ಸಸಿ ಎಳೆಯುತ್ತಲೇ ಹೋದರೆ ಬಾಳೆಯಲ್ಲೂ ಕುಳ್ಳ ಗಿಡ ಬರುತ್ತವೆ.

ಬಾಳೆತೋಟ: ಅದಾ ವಿಷಯ! ಹೋದ ಸಲ ಮೂರು ಕುಳ್ಳ ಬಂದಿದ್ದವು. ನರ್ಸರಿಯವನು ತಪ್ಪು ನನ್ನ ಗೊಬ್ಬರದ್ದು ಅಂದುಬಿಟ್ಟ.

ಹಳೇ ಮೇಷ್ಟ್ರು: ಇಷ್ಟೆಲ್ಲ ಯಾಕೆ, ಬೀಜಕ್ಕೇ ಕಿರಣ ಹಾಯಿಸಿದರೆ ಸಾಕು. ಮೆಕ್ಸಿಕೋದ ಸೊನೋರಾ 64 ಗೋಧಿ ಕೆಂಪು ಕಾಳಿನದು, ನಮ್ಮ ಜನಕ್ಕೆ ಹಿಡಿಸಲಿಲ್ಲ. ದೆಹಲಿಯಲ್ಲಿ ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರ ತಂಡ ವಿಕಿರಣದಿಂದಲೇ ಬಣ್ಣ ತಿಳಿಯಾಗಿಸಿ ಶರಬತಿ ಸೊನೋರಾ ತಂದಿತು. 1967ರ ಮಾತು. ಅದಕ್ಕೆ ನಿಮ್ಮ ಬಾಟಲಿ ಬೇಕಾಯಿತೇ?

ಲ್ಯಾಬ್ ಕೋಟು: ಒಪ್ಪಿದೆ ಮೇಷ್ಟ್ರೇ. ಆದರೆ ಬೀಜದ ಮೊಳಕೆಯಲ್ಲಿ ಎಷ್ಟೋ ಕೋಶಗಳಿರುತ್ತವೆ. ಕಿರಣ ಒಂದನ್ನು ಮಾತ್ರ ಬದಲಿಸಿದರೆ ಒಂದು ತೆಂಡೆ (ಬುಡದ ಕವಲು) ಒಂದು ತರ, ಪಕ್ಕದ್ದು ಇನ್ನೊಂದು ತರ. ಕ್ಯಾಲಸ್‌ನಲ್ಲಿ ಒಂದೇ ಕೋಶದಿಂದ ಇಡೀ ಗಿಡ ಎಬ್ಬಿಸಬಹುದು. ಬಾಟಲಿಯಲ್ಲಿ ಕ್ಯಾಲಸ್‌ಗೆ ಕೊಡುವ ಆಹಾರಕ್ಕೆ ಉಪ್ಪು ಬೆರೆಸಿದರೆ ಉಪ್ಪು ತಡೆಯುವ ಕೋಶ ಅಲ್ಲೇ ಸಿಗುತ್ತದೆ.

ಹಳೇ ಮೇಷ್ಟ್ರು: ಬಾಟಲಿಯಲ್ಲಿ ತಡೆದದ್ದೆಲ್ಲ ಚೌಳು ಗದ್ದೆಯಲ್ಲಿ ತಡೆಯುವುದಿಲ್ಲ ಕಣಮ್ಮಾ. ಕ್ಯಾಲಸ್ ಹಳತಾದಷ್ಟೂ ಗಿಡ ಹೊರಡುವುದೇ ಕಷ್ಟ. ಹೊರಟರೂ ಎಷ್ಟೋ ಸಲ ಹಸಿರೇ ಇಲ್ಲದ ಬಿಳಿ ಸಸಿ.

ಲ್ಯಾಬ್ ಕೋಟು: ಬಿಳಿ ಸಸಿ ನೋಡಿ ನಾನೂ ಅತ್ತಿದ್ದೇನೆ ಬಿಡಿ. ಅದಕ್ಕೇ ಎಳೆ ಕ್ಯಾಲಸ್‌ಗೆ ಕಡಿಮೆ ಪ್ರಮಾಣದ ಕಿರಣ ಕೊಡುತ್ತೇವೆ. ಗದ್ದೆ ಪರೀಕ್ಷೆ ಹೇಗೂ ತಪ್ಪುವುದಿಲ್ಲ.

ಅಡುಗೆಮನೆ: ಮಧ್ಯೆ ಬಾಯಿ ಹಾಕ್ತಿದ್ದೇನೆ. ಆ ಗೋಧಿಯ ಚಪಾತಿಯಲ್ಲಿ ವಿಕಿರಣ ಇರುತ್ತಾ?

ಲ್ಯಾಬ್ ಕೋಟು: ಇಲ್ಲ. ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹದ ಗಾಮಾ ಕಿರಣ ಹಾದುಹೋಗುತ್ತದೆ, ಕಾಳಲ್ಲಿ ಉಳಿಯುವುದಿಲ್ಲ. ಎಕ್ಸ್-ರೇ ತೆಗೆಸಿಕೊಂಡವರು ಕತ್ತಲಲ್ಲಿ ಹೊಳೆಯುತ್ತಾರಾ? ನಿಮ್ಮ ಹಿಟ್ಟಂತೂ ಆ ಬೀಜದ ಎಷ್ಟೋ ತಲೆಮಾರು ಆಚೆಯದು.

ಬೆಟ್ಟದ ಹುಡುಗ: ಎಲ್ಲೆಲ್ಲಿ ಏನು ಬದಲಾಯಿತೋ ಗೊತ್ತಿಲ್ಲದ ಇದಕ್ಕೆ ಯಾರದೂ ತಕರಾರಿಲ್ಲ. ಗೊತ್ತಿರುವ ಒಂದು ಜೀನ್ ಸೇರಿಸಿದರೆ ಮಾತ್ರ ಗಲಾಟೆ. ತಮಾಷೆ.

ಹಳೇ ಮೇಷ್ಟ್ರು: ಕುಲಾಂತರಿ ಜಗಳ ಇಲ್ಲಿ ಬೇಡ ಮಾರಾಯ.

ಬಾಳೆತೋಟ: ಆ ಮೂರು ಕುಳ್ಳ ಕಡಿದು ಹಾಕಿಬಿಟ್ಟೆನಲ್ಲ. ಗಾಳಿಗೆ ಬೀಳದ ಗಿಡಗಳು!