ಕೈತೋಟಕ್ಕೆ ಸೌರಶಕ್ತಿಯ ಕಾರಂಜಿ: ಅಂದವಷ್ಟೇ ಅಲ್ಲದೆ ಬೇರೆ ಪ್ರಯೋಜನಗಳೂ ಇವೆಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಕೈತೋಟದ ತುದಿಯಲ್ಲಿ, ಮರದ ನೆರಳಿನಲ್ಲಿ, ಎರಡು ಅಡಿ ಅಗಲದ ಕಲ್ಲಿನ ತೊಟ್ಟಿಯೊಂದಿದೆ. ಅದರಲ್ಲಿ ಪುಟ್ಟ ಕಾರಂಜಿ ಮಾಡಿಸಬೇಕೆಂಬುದು ನನ್ನ ಬಹಳ ದಿನಗಳ ಆಸೆ. ಅಲ್ಲಿಯವರೆಗೆ ವಿದ್ಯುತ್ ತಂತಿ ಎಳೆಯುವುದು ಕಷ್ಟವಾದ್ದರಿಂದ ಸೌರಶಕ್ತಿಯ ಕಾರಂಜಿಯ ಬಗ್ಗೆ ಯೋಚಿಸುತ್ತಿದ್ದೇನೆ. ಇದರಿಂದ ನಿಜವಾಗಿ ಏನು ಪ್ರಯೋಜನ? ನೀರು ಆಡುತ್ತಿದ್ದರೆ ಸೊಳ್ಳೆಗಳಾಗುವುದಿಲ್ಲ ಎನ್ನುತ್ತಾರೆ, ಅದು ಸರಿಯೇ? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1

ನಾನು ಮೂರು ವರ್ಷಗಳಿಂದ ಇಂಥದ್ದೊಂದನ್ನು ಇಟ್ಟುಕೊಂಡಿದ್ದೇನೆ. ನನ್ನ ಪ್ರಕಾರ ಇದರ ದೊಡ್ಡ ಪ್ರಯೋಜನವೆಂದರೆ ನೆಲ ಅಗೆದು ತಂತಿ ಹೂಳುವ ಕೆಲಸವೇ ಇಲ್ಲದಿರುವುದು. ಸಣ್ಣ ಪಂಪುಗಳು ಸಾಮಾನ್ಯವಾಗಿ 6ರಿಂದ 12 ವೋಲ್ಟ್‌ಗಳಷ್ಟು ಕಡಿಮೆ ಒತ್ತಡದ ನೇರ ವಿದ್ಯುತ್ತಿನಲ್ಲಿ ನಡೆಯುವುದರಿಂದ, ಮನೆಯ ವಿದ್ಯುತ್ತನ್ನು ನೀರಿನ ಪಕ್ಕಕ್ಕೆ ಒಯ್ಯುವಾಗ ಇರುವ ಅಪಾಯ ಇಲ್ಲಿಲ್ಲ.

ನಿಮ್ಮ ತೊಟ್ಟಿ ನೆರಳಿನಲ್ಲಿದೆ ಎಂದಿದ್ದೀರಿ. ಹಾಗಾದರೆ ಸೌರಫಲಕದ ಸಮೇತ ನೀರಿನ ಮೇಲೆ ತೇಲುವ ಬಗೆ ನಿಮಗೆ ಹೊಂದುವುದಿಲ್ಲ. ಫಲಕವನ್ನು ದೂರದ ಬಿಸಿಲಿನಲ್ಲಿ ನೆಟ್ಟು ಪಂಪನ್ನು ಮಾತ್ರ ನೀರಿಗಿಳಿಸುವ ಬಗೆಯನ್ನೇ ತೆಗೆದುಕೊಳ್ಳಿ. ಫಲಕದ ಒಂದು ಮೂಲೆಗೆ ರೆಂಬೆಯ ನೆರಳು ಬಿದ್ದರೂ ಪಂಪಿನ ಬಲ ಗಣನೀಯವಾಗಿ ಕುಗ್ಗುತ್ತದೆ ಎಂಬುದು ನೆನಪಿರಲಿ.

ಬೆಳಗಿನ ಬಿಸಿಲು ಫಲಕವನ್ನು ಮುಟ್ಟಿದೊಡನೆ ನಮ್ಮ ಕಾರಂಜಿ ಮೊದಲು ನಾಲ್ಕಾರು ಗುಳ್ಳೆಗಳನ್ನು ಬಿಡುತ್ತದೆ, ಬಳಿಕ ನೀರು ಬೆರಳುದ್ದ ಏಳುತ್ತದೆ, ಹೊತ್ತೇರಿದಂತೆ ಗೇಣುದ್ದವಾಗುತ್ತದೆ. ಆ ಸದ್ದಿಗೇ ಗುಬ್ಬಿಗಳು ಬರುತ್ತವೆ. ತೊಟ್ಟಿಯ ಅಂಚಿನಲ್ಲಿ ಚಪ್ಪಟೆ ಕಲ್ಲುಗಳನ್ನು ಜೋಡಿಸಿ ಎರಡು ಬೆರಳಿನಷ್ಟು ಆಳ ಮಾತ್ರ ಉಳಿಸಿದ ಮೇಲೆ ಅವು ಇಳಿದು ಮೀಯತೊಡಗಿದವು. ಅದಕ್ಕೂ ಮೊದಲು ಅಂಚಿನಲ್ಲಿ ಕೂತು ನೋಡಿ ಹಾರಿಹೋಗುತ್ತಿದ್ದವು.

ಉತ್ತರ 2

ಸೊಳ್ಳೆಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಸೊಳ್ಳೆಯ ಮರಿಗಳು ನೀರಿನ ಮೇಲ್ಮೈಗೆ ಬಂದು ಉಸಿರಾಡುವುದರಿಂದ ಅಲುಗುವ ನೀರು ಅವಕ್ಕೆ ಒಗ್ಗುವುದಿಲ್ಲ ಎಂಬುದು ನಿಜ. ಆದರೆ ಬ್ಯಾಟರಿ ಇಲ್ಲದ ಕಾರಂಜಿ ಸೂರ್ಯ ಇಳಿದೊಡನೆ ನಿಲ್ಲುತ್ತದೆ, ಅನೇಕ ಜಾತಿಯ ಸೊಳ್ಳೆಗಳು ಮೊಟ್ಟೆಯಿಡುವುದೂ ಮುಸ್ಸಂಜೆಯ ನಂತರವೇ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನಗಳು ಸಾಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಗೋಡೆಗಳನ್ನು ಒರಟು ಬ್ರಷ್ಷಿನಿಂದ ಉಜ್ಜಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ನೀರು ಚೆಲ್ಲಿದ ಮಾತ್ರಕ್ಕೆ ಅವು ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸೊಳ್ಳೆ ಮರಿಗಳನ್ನು ತಿನ್ನಲೆಂದು ನಾಲ್ಕು ಮೀನು ಬಿಟ್ಟರೆ ಈ ಕಾರಂಜಿಯಿಂದ ಅವಕ್ಕೆ ಗಾಳಿ ಸಿಗುವುದೇ?

ಉತ್ತರ 3

ಹಗಲು ಸಿಗುತ್ತದೆ, ಚಿಮ್ಮಿ ಬೀಳುವ ಹನಿಗಳೊಂದಿಗೆ ಆಮ್ಲಜನಕ ನೀರಿಗೆ ಬೆರೆಯುತ್ತದೆ. ಆದರೆ ಪಾಚಿ ಮತ್ತು ಜಲಸಸ್ಯಗಳು ರಾತ್ರಿಯಲ್ಲಿ ಆಮ್ಲಜನಕವನ್ನು ತಾವೇ ಬಳಸುವುದರಿಂದ, ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಅದು ಅತಿ ಕಡಿಮೆಯಾಗಿರುತ್ತದೆ. ಅಂದರೆ ಮೀನುಗಳಿಗೆ ಅತಿ ಅಗತ್ಯವಿರುವ ಹೊತ್ತಿನಲ್ಲೇ ಕಾರಂಜಿ ನಿಂತಿರುತ್ತದೆ. ಮೀನು ಬಿಡುವುದಾದರೆ ಬ್ಯಾಟರಿ ಇರುವುದನ್ನೇ ಆರಿಸಿ, ಎರಡು ಅಡಿಯ ತೊಟ್ಟಿಗೆ ಎರಡು ಗಪ್ಪಿಗಳೇ ಸಾಕು. ಆಗ ಹಿಂದಿನವರು ಹೇಳಿದಂತೆ ತೊಟ್ಟಿಯನ್ನು ಪೂರ್ತಿ ಬರಿದು ಮಾಡುವ ಬದಲು, ಸ್ವಲ್ಪ ನೀರನ್ನಷ್ಟೇ ಬದಲಿಸಿ ಗೋಡೆ ಉಜ್ಜಿದರಾಯಿತು.

ಇನ್ನೊಂದು ಮಾತು: ಪಂಪು ಎಂದಿಗೂ ನೀರಿಲ್ಲದೆ ತಿರುಗಬಾರದು, ತಿರುಗಿದರೆ ಸುಟ್ಟುಹೋಗುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾಗಿ ಬೇಗ ಇಳಿಯುವುದರಿಂದ ದಿನಕ್ಕೊಮ್ಮೆ ಮಟ್ಟ ನೋಡಿ ತುಂಬಿಸುತ್ತಿರಿ.