ಚಿತ್ರವನ್ನು ‘ತಿದ್ದುವುದು’ ಅಂದರೆ ಸರಿಯಾದೀತೇ?

ಎಲ್ಲರಿಗೂ ನಮಸ್ಕಾರ. ಒಂದು ಕ್ರಿಯಾಪದ ಹುಡುಕುತ್ತಿದ್ದೇನೆ.

ಮಡಿಕೇರಿಯಲ್ಲಿ ನಮ್ಮ ಪರಿಚಯದ ಅಕ್ಕ ಒಬ್ಬರು ಚಿತ್ರ ಬರೆಯುತ್ತಾರೆ. ಗುಡ್ಡ, ಗದ್ದೆ, ಮಂಜು ಇವೇ ಅವರ ವಸ್ತು. ಆದರೆ ಇದು ತಡಿಯಂಡಮೋಳ್, ಇದು ಮಾಂದಲಪಟ್ಟಿ ಅಂತ ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಬಣ್ಣ, ಬೆಳಕು ಅಷ್ಟೇ ಉಳಿದಿರುತ್ತವೆ. ಚಿತ್ರಗಳ ಜೊತೆ ಇಡಲು ಕನ್ನಡದಲ್ಲಿ ಎರಡು ಪುಟ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡೆ. ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಅವರು ಕೆಲಸ ಮಾಡುವುದನ್ನು ಒಂದು ಸಂಜೆ ಕೂತು ನೋಡಿದೆ. ಎಣ್ಣೆ ಬಣ್ಣ. ಹೊರಗೆ ಜುಲೈ ಮಳೆ, ಬಣ್ಣ ಬೇಗ ಒಣಗುವ ಕಾಲವಲ್ಲ. ನಾಲ್ಕು ದಿನದ ಹಿಂದೆ ಬರೆದ ಸಿಲ್ವರ್ ಓಕ್ ಸಾಲು ನನ್ನ ಕಣ್ಣಿಗೆ ಚೆನ್ನಾಗಿಯೇ ಇತ್ತು. ಅಕ್ಕ ತುಂಬಾ ಹೊತ್ತು ಸುಮ್ನೆ ನೋಡುತ್ತಾ ನಿಂತರು. ಆಮೇಲೆ ಅಗಲದ ಪ್ಯಾಲೆಟ್ ನೈಫ್ (ಬಣ್ಣ ಕಲಸುವ, ಹಚ್ಚುವ ಮೊಂಡು ಚಾಕು) ತೆಗೆದುಕೊಂಡು ಆ ಸಾಲಿನ ಮೇಲೆ ಅಡ್ಡಕ್ಕೆ ಎಳೆದರು. ಬೂದು ಬಣ್ಣ ಎದ್ದು ಬಂತು. ಅಡಿಯ ಹಸಿರು ಗೀರು ಗೀರಾಗಿ ಕಂಡಿತು. ನೈಫನ್ನು ಬಟ್ಟೆಗೆ ಒರೆಸಿ, ತೆಳ್ಳಗೆ ಬಿಳಿ ಬಳಿದು, ಅದನ್ನೂ ಅರ್ಧ ಹೆರೆದರು. ‘ಹಾಂ, ಈಗ ಬಣ್ಣ ಕೂತಿತು’ ಅಂದರು. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದೆ. ‘ಕೈಗೆ ತೋಚಿತು’ ಅಂದರು.

ಈ ಕೆಲಸಕ್ಕೆ ಏನನ್ನೋಣ? ಇದು ಅವರೊಬ್ಬರದೇ ರೀತಿಯಲ್ಲ. ಅಮೂರ್ತ ಚಿತ್ರಗಳ ಕಲಾವಿದ ವಿ. ಎಸ್. ಗಾಯ್ತೊಂಡೆ (1924–2001) ಕೂಡ ರೋಲರಿನಲ್ಲಿ ಬಳಿದು, ಪ್ಯಾಲೆಟ್ ನೈಫಿನಲ್ಲಿ ತೆಗೆದು, ಪದರದ ಮೇಲೆ ಪದರ ಕಟ್ಟುತ್ತಿದ್ದರು.

ಮೊದಲು ನೆನಪಾದದ್ದು ‘ತಿದ್ದು’. ತಪ್ಪಿದ್ದರೆ ತಾನೇ ತಿದ್ದುವುದು ಅಂತ ಬಿಟ್ಟುಬಿಟ್ಟೆ. ಆಮೇಲೆ ಯೋಚನೆ ಬಂತು. ಮಗು ಮರಳಿನ ಮೇಲೆ ಅಕ್ಷರ ತಿದ್ದುತ್ತದಲ್ಲ, ಅಲ್ಲಿ ತಪ್ಪೆಲ್ಲಿದೆ? ಬರೆದದ್ದರ ಮೇಲೇ ಮತ್ತೆ ಮತ್ತೆ ಬೆರಳಾಡಿಸುತ್ತದೆ. ಹುಬ್ಬು ತಿದ್ದುತ್ತೇವೆ, ಹಣೆಗೆ ತಿಲಕ ತಿದ್ದುತ್ತೇವೆ. ಅಂದರೆ ಮೇಲೆ ಮೇಲೆ ಕೈಯಾಡಿಸಿ ರೂಪಕ್ಕೆ ತರುವುದೂ ತಿದ್ದುವುದೇ. ನನಗೆ ಬೇಕಾದದ್ದು ಈ ಅರ್ಥ. ಆದರೆ ಈಗಿನ ಓದುಗರಿಗೆ ‘ತಿದ್ದುಪಡಿ’, ‘ತಪ್ಪು ತಿದ್ದಿಕೋ’ ಇವೇ ಜೋರಾಗಿ ಕೇಳಿಸುತ್ತವೆ ಅಲ್ವಾ?

ಇಟಾಲಿಯನ್ನಿನಲ್ಲಿ ‘ಪೆಂಟಿಮೆಂಟೊ’ ಅಂತ ಇದೆ. ಎಣ್ಣೆ ಬಣ್ಣ ಹಳೆಯದಾದ ಹಾಗೆ ಪಾರದರ್ಶಕವಾಗುತ್ತಾ ಹೋಗುತ್ತದೆ. ಆಗ ಕಲಾವಿದ ಮೊದಲು ಬರೆದು ಮುಚ್ಚಿದ ಗೆರೆ ಮೇಲಕ್ಕೆ ಕಾಣುತ್ತದೆ. ಅದಕ್ಕೆ ಆ ಹೆಸರು. ಮೂಲ ಅರ್ಥ ಪಶ್ಚಾತ್ತಾಪ. ನನಗಿದು ಒಗ್ಗಲಿಲ್ಲ. ಅಕ್ಕ ಪಶ್ಚಾತ್ತಾಪ ಪಡಲಿಲ್ಲ. ಆ ಮರಗಳು ಅಡಿಯಲ್ಲಿ ಇದ್ದದ್ದರಿಂದಲೇ ಮೇಲಿನ ಮಂಜಿಗೆ ಒಂದು ತೂಕ ಬಂತು.

‘ಸಾರಣೆ’ ನನಗೆ ತುಂಬಾ ಇಷ್ಟವಾಯಿತು. ಮಣ್ಣಿನ ನೆಲವನ್ನು ಹಳೆ ಪದರದ ಮೇಲೆಯೇ ಸಾರಿಸುತ್ತಿದ್ದರು. ಹುತ್ತರಿ ಹಬ್ಬ ಹತ್ತಿರ ಬಂದರೆ ಗೋಡೆಗೆ ಸುಣ್ಣ ಬಳಿಯುವುದೂ ಹಾಗೇ, ಹೋದ ವರ್ಷದ ಸುಣ್ಣದ ಮೇಲೆ. ಹಳೆಯದು ತಪ್ಪು ಅಂತ ಯಾರೂ ಅನ್ನುವುದಿಲ್ಲ. ಕೊರತೆ ಒಂದೇ. ಸಾರಣೆಯಲ್ಲಿ ಹಚ್ಚುವುದು ಮಾತ್ರ ಇದೆ, ತೆಗೆಯುವುದು ಇಲ್ಲ.

ತೆಗೆಯುವುದಕ್ಕೆ ನಮ್ಮ ತೋಟದಲ್ಲೇ ಒಂದು ಮಾತಿದೆ, ‘ಮರ ಕಪಾತು’. ಕಾಫಿಗೆ ಬೆಳಕು ಬೀಳಲಿ ಅಂತ ನೆರಳಿನ ಮರದ ಕೊಂಬೆ ಕಡಿಯುವುದು. ಅಕ್ಕ ಮಾಡಿದ್ದೂ ಅದನ್ನೇ. ಆದರೆ ಕೊಡಗು, ಚಿಕ್ಕಮಗಳೂರಿನ ಆಚೆ ಇದನ್ನು ಬರೆದರೆ ಎಷ್ಟು ಜನಕ್ಕೆ ಹತ್ತುತ್ತದೆ? ‘ಕೆರೆಯುವುದು’ ಅಂದರೆ ಸೀದ ಪಾತ್ರೆಯ ತಳ ನೆನಪಾಗುತ್ತದೆ. ‘ಹೆರೆ’ ಇದ್ದುದರಲ್ಲಿ ವಾಸಿ, ತೆಳ್ಳಗೆ ತೆಗೆಯುವ ಅರ್ಥ ಅದರಲ್ಲಿದೆ. ಸದ್ಯಕ್ಕೆ ‘ಹೆರೆದು ಬಳಿಯುವುದು’ ಅಂತ ಬರೆದಿಟ್ಟಿದ್ದೇನೆ.

ಇನ್ನು ‘ತೋಚು’. ಮೊದಲ ಕರಡಿನಲ್ಲಿ ‘ಅಂತಃಸ್ಫುರಣೆ’ ಅಂತ ಬರೆದಿದ್ದೆ, ಅಕ್ಕನ ಮಾತು ಕೇಳಿದ ಮೇಲೆ ಹೊಡೆದುಹಾಕಿದೆ. ‘ಹೊಳೆಯಿತು’ ಅಂದರೆ ತಲೆಗೆ ಬಂದದ್ದು. ‘ಕೈಗೆ ತೋಚಿತು’ ಅಂದಾಗ ಕೈಗೇ ಗೊತ್ತಾಯಿತು. ‘ತೋಚಿದ್ದು ಗೀಚಿದ್ದು’ ಅನ್ನುವ ಹಗುರ ಅರ್ಥ ಇಲ್ಲಿ ಅಂಟಿಕೊಳ್ಳಬಹುದೇ?

ಗಣಪತಿ ಮಾಡುವವರು, ಗಾರೆ ಕೆಲಸದವರು, ಗೊಂಬೆಗೆ ಬಣ್ಣ ಹಾಕುವವರು, ಹಚ್ಚಿದ್ದನ್ನು ಸ್ವಲ್ಪ ತೆಗೆದು ಅದರ ಮೇಲೇ ಮತ್ತೆ ಹಚ್ಚುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಒಂದೇ ಪದ ಇದ್ದರೆ ತಿಳಿಸಿ. ಪದದ ಜೊತೆ ಅವರು ಆಡುವ ಒಂದು ಪೂರ್ತಿ ವಾಕ್ಯವನ್ನೂ ಬರೆಯಿರಿ.