ಪದಚರ್ಚೆ: ಫೋಟೊ ಜಾಲತಾಣದ ಮೆನುವಿಗೆ ‘ಚಿತ್ರಶಾಲೆ’ಯೋ, ‘ಗ್ಯಾಲರಿ’ಯೋ, ಬೇರೇನಾದರೂ ಇದೆಯೋ?

ಪ್ರಶ್ನೆ

ಕಾರವಾರ, ಅಂಕೋಲಾ, ಶಿರಸಿ ಕಡೆಯ ಕೆಲವು ಫೋಟೊಗ್ರಾಫರ್‌ಗಳ ಕೆಲಸವನ್ನು ಒಂದೇ ಕಡೆ ತೋರಿಸುವ ಸಾದಾ ಜಾಲತಾಣವೊಂದು ತಯಾರಾಗುತ್ತಿದೆ. ಮದುವೆ, ಜಾಹೀರಾತಿನ ಫೋಟೊಗಳಿಲ್ಲ. ಕಲೆಯೆಂದೇ ತೆಗೆದ, ಗೋಡೆಗೆ ಹಾಕುವಂಥವು ಮಾತ್ರ. ವಿನ್ಯಾಸ ಹೆಚ್ಚುಕಡಿಮೆ ಮುಗಿದಿದೆ: ಮೊದಲ ಪುಟದಲ್ಲಿ ಒಂದೇ ದೊಡ್ಡ ಫೋಟೊ, ಮೇಲೊಂದು ಮೆನು, ಒಳಗೆ ಸರಣಿಗೊಂದು ಪುಟ, ಸರಣಿಗೆ 15ರಿಂದ 20 ಫೋಟೊ. ತಾಣ ಪೂರ್ತಿ ಕನ್ನಡದಲ್ಲೇ ಇರಬೇಕು ಎನ್ನುವುದು ಎಲ್ಲರ ಹಟ.

ತೊಡಕಾಗಿರುವುದು ಪದಗಳಲ್ಲಿ. ಕರಡಿನ ಮೆನುವಿನಲ್ಲಿ ಈಗಿರುವುದು ಇಷ್ಟು: ಮುಖಪುಟ, ಚಿತ್ರಶಾಲೆ, ಕಲಾತ್ಮಕ ಚಿತ್ರಗಳು, ಸೀಮಿತ ಆವೃತ್ತಿ ಮುದ್ರಣಗಳು, ಛಾಯಾಗ್ರಾಹಕರು, ನಮ್ಮನ್ನು ಸಂಪರ್ಕಿಸಿ. ಚಿಕ್ಕ ಫೋಟೊಗಳ ಕೆಳಗೆ ‘ಕ್ಲಿಕ್ಕಿಸಿ’ ಎಂದಿದೆ. ನೋಡಿದವರು ಯಾವುದನ್ನು ಒತ್ತಿದರೆ ಏನು ಬರುತ್ತದೆಂದು ತಿಳಿಯದೆ ತಡವರಿಸುತ್ತಿದ್ದಾರೆ. ಚಿಕ್ಕ ಫೋಟೊಗೆ ‘ಕಿರುಚಿತ್ರ’ ಎನ್ನಬಹುದೇ? ಇಡೀ ತಾಣದಲ್ಲಿ ಫೋಟೊಗೆ ‘ಪಟ’ ಎಂದೇ ಬಳಸಿದರೆ ಹೇಗೆ? ಗಜನಿ, ಆಗರ, ಏಂಡಿ ಬಲೆಯಂಥ ನಮ್ಮ ಕಡೆಯ ಮಾತುಗಳನ್ನು ಅಡಿಬರಹದಲ್ಲಿ ಹಾಗೇ ಬಿಡಬಹುದೇ, ವಿವರಿಸಬೇಕೇ?

ಉತ್ತರ 1

ನೋಡುಗರು ತಡವರಿಸುವುದು ಸಹಜ. ನಿಮ್ಮ ಕರಡಿನ ಅರ್ಧ ಪದಗಳನ್ನು ಕನ್ನಡದಲ್ಲಿ ಸಿನಿಮಾ ಎಂದೋ ತನ್ನದಾಗಿಸಿಕೊಂಡಿದೆ. ‘ಕಲಾತ್ಮಕ ಚಿತ್ರ’ ಎಂದೊಡನೆ ಕನ್ನಡಿಗರಿಗೆ ಹೊಳೆಯುವುದು ಹಾಡು, ಹೊಡೆದಾಟವಿಲ್ಲದ ಗಂಭೀರ ಸಿನಿಮಾ. ‘ಕಿರುಚಿತ್ರ’ ಅಂದರೆ ಹತ್ತಿಪ್ಪತ್ತು ನಿಮಿಷದ ಸಿನಿಮಾ. ‘ಛಾಯಾಗ್ರಾಹಕ’ ಪತ್ರಿಕೆಯ ಫೋಟೊಗ್ರಾಫರ್‌ಗೂ ನಡೆಯುತ್ತದೆ ನಿಜ, ಆದರೆ ಪರದೆಯ ಮೇಲೆ ‘ಛಾಯಾಗ್ರಹಣ’ ಎಂದು ಓದಿ ಓದಿ ಅದು ಸಿನಿಮಾ ಕ್ಯಾಮೆರಾದವರ ಕಡೆಗೆ ವಾಲಿದೆ. ಬರೀ ‘ಚಿತ್ರಗಳು’ ಎಂದಿಟ್ಟರೆ ಬಣ್ಣದಲ್ಲಿ ಬರೆದದ್ದೂ ಆಗಬಹುದು, ಸಿನಿಮಾವೂ ಆಗಬಹುದು, ಫೋಟೊವೂ ಆಗಬಹುದು. ಲೇಖನದಲ್ಲಾದರೆ ಹಿಂದುಮುಂದಿನ ಸಾಲು ಅರ್ಥವನ್ನು ಹಿಡಿದು ನಿಲ್ಲಿಸುತ್ತದೆ. ಮೆನುವಿನ ಪದಕ್ಕೆ ಆ ಆಸರೆ ಇರುವುದಿಲ್ಲ, ಅದೊಂದೇ ನಿಂತು ಅರ್ಥ ಕೊಡಬೇಕು. ಹಾಗಾಗಿ ಅಲ್ಲಿಗೆ ‘ಫೋಟೊಗಳು’ ಸಾಕು. ಕಾರವಾರದ ಪೇಟೆಯಲ್ಲೂ ಸಿದ್ದಾಪುರದ ತೋಟದ ಮನೆಯಲ್ಲೂ ಆಡುವ ಪದ ಅದೇ, ಅದರಿಂದ ಕಲೆಗೆ ಯಾವ ಕುಂದೂ ಇಲ್ಲ.

‘ಚಿತ್ರಶಾಲೆ’ ಕಿವಿಗೆ ಚಂದ. ಆದರೆ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವ ಶಾಲೆ ಎಂದುಕೊಳ್ಳುವವರೇ ಹೆಚ್ಚು. ‘ಗ್ಯಾಲರಿ’ಗೆ ಎರಡು ತೊಂದರೆ. ಫೋನಿನಲ್ಲಿ ನಮ್ಮದೇ ಫೋಟೊಗಳಿರುವ ಜಾಗಕ್ಕೆ ಆ ಹೆಸರಿದೆ. ಮೇಲಾಗಿ ‘ಗ್ಯಾಲರಿ ಕಾರವಾರದಲ್ಲಿ ಎಲ್ಲಿ ಬರುತ್ತದೆ, ಎಷ್ಟು ಗಂಟೆಗೆ ತೆರೆಯುತ್ತದೆ’ ಎಂದು ಕೇಳುವವರಿರುತ್ತಾರೆ. ‘ಪೋರ್ಟ್‌ಫೋಲಿಯೊ’ ಅಂದರೆ ಷೇರುಪೇಟೆ ನೆನಪಾಗುತ್ತದೆ. ನಿಮ್ಮ ಪ್ರಶ್ನೆಯಲ್ಲೇ ಸಹಜವಾಗಿ ಬಂದಿರುವ ‘ಸರಣಿ’ಯೇ ಸರಿ. ‘ಫೋಟೊಗಳು’ ಒತ್ತಿದರೆ ಸರಣಿಗಳ ಪಟ್ಟಿ: ಮಳೆಗಾಲದ ಕಡಲು, ಸೊಪ್ಪಿನಬೆಟ್ಟ, ಉಪ್ಪಿನ ಆಗರ. ಸರಣಿಯ ಹೆಸರು ಎರಡು ಪದ ಮೀರದಿರಲಿ.

‘ಲಲಿತಕಲೆ’ಯನ್ನು ಮೆನುವಿಗೆ ತರಬೇಡಿ. ಪದ ತಪ್ಪೇನಲ್ಲ, ಕರ್ನಾಟಕ ಲಲಿತಕಲಾ ಅಕಾಡೆಮಿಯಿಂದಾಗಿ ಎಲ್ಲರಿಗೂ ಪರಿಚಿತವೇ. ಆದರೆ ನೋಡುಗನಿಗೆ ಏನು ಒತ್ತಬೇಕೆಂದು ಅದು ಹೇಳುವುದಿಲ್ಲ. ಪರಿಚಯ ಪುಟದಲ್ಲಿ ‘ಇಲ್ಲಿರುವವು ಕಲಾಕೃತಿಗಳೆಂದು ತೆಗೆದ ಫೋಟೊಗಳು’ ಎಂದು ಒಂದು ವಾಕ್ಯ ಬರೆದರೆ ಆಯಿತು.

‘ಮುಖಪುಟ’ ಬೇಡವೇ ಬೇಡ. ಎಡಮೂಲೆಯ ತಾಣದ ಹೆಸರನ್ನು ಒತ್ತಿದರೆ ಮೊದಲ ಪುಟ ಬರುವಂತೆ ಮಾಡಿ. ‘ಛಾಯಾಗ್ರಾಹಕರು’ ಬದಲು ‘ಪರಿಚಯ’ ಇರಲಿ, ‘ಸೀಮಿತ ಆವೃತ್ತಿ ಮುದ್ರಣಗಳು’ ಬದಲು ‘ಪ್ರಿಂಟ್’ ಸಾಕು. ‘ನಮ್ಮನ್ನು ಸಂಪರ್ಕಿಸಿ’ ಬದಲು ‘ಸಂಪರ್ಕ’. ಆಗ ಉಳಿಯುವುದು: ಫೋಟೊಗಳು, ಪ್ರಿಂಟ್, ಪರಿಚಯ, ಸಂಪರ್ಕ. ಈ ನಾಲ್ಕು 360 ಪಿಕ್ಸೆಲ್ ಅಗಲದ ಫೋನಿನಲ್ಲೂ 16 ಪಿಕ್ಸೆಲ್ ಅಕ್ಷರದಲ್ಲಿ ಒಂದೇ ಸಾಲಿಗೆ ಕೂರುತ್ತವೆ. ಮೂರು ಗೆರೆಯ ಗುರುತಿನ ಹಿಂದೆ ಮೆನು ಬಚ್ಚಿಡುವ ಪ್ರಮೇಯವೇ ಬರುವುದಿಲ್ಲ. ಬಚ್ಚಿಟ್ಟ ಮೆನುವನ್ನು ಬಹಳ ಜನ ತೆರೆಯುವುದೇ ಇಲ್ಲ.

‘ಕ್ಲಿಕ್ಕಿಸಿ’ಯನ್ನು ಇವತ್ತೇ ತೆಗೆಯಿರಿ. ಕನ್ನಡ ಪತ್ರಿಕೆಗಳಲ್ಲಿ ಫೋಟೊ ಕ್ಲಿಕ್ಕಿಸುವುದು ಅಂದರೆ ಫೋಟೊ ತೆಗೆಯುವುದು. ನಿಮ್ಮ ತಾಣ ನೋಡುಗರಿಗೆ ಕ್ಯಾಮೆರಾ ಹಿಡಿಯಲು ಹೇಳುತ್ತಿದೆ! ಚಿಕ್ಕ ಫೋಟೊ ಒತ್ತಿದರೆ ದೊಡ್ಡದಾಗುತ್ತದೆಂದು ಎಲ್ಲರಿಗೂ ಗೊತ್ತು, ಕೆಳಗೆ ಏನೂ ಬರೆಯಬೇಕಿಲ್ಲ. ದೊಡ್ಡ ಫೋಟೊದ ಪುಟದಲ್ಲಿ ಮಾತ್ರ ಜಾಗ್ರತೆ ಬೇಕು: ‘ಹಿಂದೆ’ ಅಂದರೆ ಹಿಂದಿನ ಫೋಟೊಗೋ, ಪಟ್ಟಿಗೋ ಎಂಬ ಗೊಂದಲ ಅಲ್ಲಿದೆ. ‘ಹಿಂದಿನದು’, ‘ಮುಂದಿನದು’, ‘ಸರಣಿಗೆ ಮರಳಿ’ ಎಂದು ಮೂರನ್ನೂ ಬಿಡಿಸಿ ಬರೆಯಿರಿ. ಕೀಲಿಮಣೆಯ ಎಡ ಬಲ ಬಾಣಗಳೂ ಇದೇ ಕೆಲಸ ಮಾಡಲಿ.

‘ಪಟ’ದ ಮೇಲಿನ ನಿಮ್ಮ ಮೋಹ ಅರ್ಥವಾಗುತ್ತದೆ. ಗೋಡೆಗೆ ತೂಗುಹಾಕಿದ ಚೌಕಟ್ಟಿನ ಚಿತ್ರಕ್ಕೆ ಅದಕ್ಕಿಂತ ಒಪ್ಪುವ ಪದವಿಲ್ಲ, ದೇವರ ಪಟ ಎಲ್ಲರ ಮನೆಯಲ್ಲೂ ಇದೆ. ಆದರೆ ಕರಾವಳಿಯಲ್ಲಿ ಪಟ ಅಂದರೆ ದೋಣಿಯ ಹಾಯಿಯೂ ಹೌದು, ಮಕ್ಕಳಿಗೆ ಗಾಳಿಪಟವೂ ಹೌದು. ದೋಣಿಗಳ ಸರಣಿಯಲ್ಲಿ ‘ಪಟಗಳು’ ಎಂಬ ತಲೆಬರಹ ಇದ್ದರೆ ಏನೆಂದು ಓದಬೇಕು? ಗದ್ಯದಲ್ಲಿ ಧಾರಾಳವಾಗಿ ಬಳಸಿ, ಮೆನುವಿನಲ್ಲಿ ಬೇಡ.

ಇನ್ನು ಅಡಿಬರಹ. ‘ಶೀರ್ಷಿಕೆ’ ಕೃತಿಯ ಹೆಸರು, ‘ಅಡಿಬರಹ’ ಅದರ ಕೆಳಗಿನ ವಿವರ, ‘ಅಡಿಟಿಪ್ಪಣಿ’ ಪುಸ್ತಕದ ಪುಟದಡಿಯದು. ಮೂರನ್ನೂ ಬೆರೆಸಬಾರದು. ಹೆಸರಿಡದ ಕೃತಿಗೆ ‘ಅನಾಮಿಕ’ ಎನ್ನುತ್ತಾರೆ ಕೆಲವರು. ಅದು ಹೆಸರು ತಿಳಿಯದ ವ್ಯಕ್ತಿಗೆ ಹೊಂದುವ ಮಾತು, ಫೋಟೊದಲ್ಲಿ ಮನುಷ್ಯರಿದ್ದರಂತೂ ತಪ್ಪರ್ಥ ಗ್ಯಾರಂಟಿ. ‘ಶೀರ್ಷಿಕೆ ಇಲ್ಲ’ ಎಂದು ನೇರವಾಗಿ ಬರೆಯಿರಿ.

ನಮ್ಮ ಕಡೆಯ ಪದಗಳನ್ನು ಬಿಡಬೇಡಿ, ತಾಣದ ಜೀವ ಇರುವುದೇ ಅಲ್ಲಿ. ಆದರೆ ‘ಗಜನಿ, ಸಂಜೆ’ ಎಂದಷ್ಟೇ ಇದ್ದರೆ ಮೈಸೂರಿನ ಓದುಗನಿಗೆ ಶಾಲೆಯಲ್ಲಿ ಓದಿದ ಮಹಮ್ಮದ್ ಗಜನಿ ನೆನಪಾಗುತ್ತಾನೆ. ‘ಆಗರ’ ಅಂದರೆ ಉಳಿದ ಕರ್ನಾಟಕಕ್ಕೆ ಜ್ಞಾನದ ಆಗರ, ಗಣಿ, ಭಂಡಾರ. ಪದವನ್ನು ಇಟ್ಟು ಮರುಸಾಲಿನಲ್ಲಿ ಬಿಡಿಸಿ:

‘ಗಜನಿ, ಸಂಜೆ’
ಅಘನಾಶಿನಿ ಅಳಿವೆ, ಕುಮಟಾ ತಾಲ್ಲೂಕು, ಜುಲೈ
ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ ಇಲ್ಲಿ ಗಜನಿ ಎನ್ನುತ್ತಾರೆ. ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಇದರಲ್ಲೇ.

ಮೂರು ಸಾಲು, ಅಷ್ಟೇ. ‘ಪ್ರಕೃತಿಯ ರಮ್ಯ ಮಡಿಲಲ್ಲಿ’ ಎಂಬಂಥ ನಾಲ್ಕನೆಯ ಸಾಲನ್ನು ಯಾರೇ ಬರೆದುಕೊಟ್ಟರೂ ಹೊಡೆದುಹಾಕಿ, ಅದನ್ನು ಫೋಟೊ ಹೇಳಲಿ. ಉಪ್ಪು ಬೆಳೆಯುವ ಸಾಣಿಕಟ್ಟಾದ ಫೋಟೊಗೆ ‘ಉಪ್ಪಿನ ಆಗರ’ ಎಂದು ಎರಡು ಪದ ಬರೆದರೆ ವಿವರಣೆಯೇ ಬೇಡ. ಏಂಡಿಗೆ ‘ದಡದಿಂದ ಹಲವರು ಸೇರಿ ಎಳೆಯುವ ಬಲೆ’ ಸಾಕು.

ಕಣ್ಣು ಕಾಣದವರ ಫೋನು ಓದಿ ಹೇಳುವ ಬರಹಕ್ಕೆ ಕೆಲವರು ‘ಬದಲಿ ಪಠ್ಯ’ ಎನ್ನುತ್ತಾರೆ. ಪಠ್ಯ ಅಂದರೆ ಪಾಠಪುಸ್ತಕ, ‘ಫೋಟೊ ವಿವರಣೆ’ ವಾಸಿ. ಹೆಸರು ಹೇಗೂ ಇರಲಿ, ಅದರಲ್ಲಿ ಶೀರ್ಷಿಕೆಯನ್ನು ಮತ್ತೆ ಬರೆಯದೆ ಕಾಣುವುದನ್ನು ಬರೆಯಿರಿ: ‘ಮೊಣಕಾಲುದ್ದ ನೀರಲ್ಲಿ ಬಾಗಿ ನಿಂತ ಇಬ್ಬರು, ಹಿಂದೆ ಮೋಡ ಕವಿದ ಗುಡ್ಡ’. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ನಮೂದಿಸುವುದೂ ಮುಖ್ಯ. ಮರೆತರೆ ಓದುವ ತಂತ್ರಾಂಶ ಇಂಗ್ಲಿಷ್ ದನಿಯಲ್ಲಿ ತೊದಲುತ್ತದೆ, ಇಲ್ಲವೇ ಸುಮ್ಮನಾಗುತ್ತದೆ.

ಉತ್ತರ 2

ಮೇಲಿನ ಪದಗಳಿಗೆಲ್ಲ ಸಹಮತ. ಅಕ್ಷರದ ಕಡೆಯಿಂದ ಒಂದಿಷ್ಟು.

‘ಪ್ರಿಂಟ್‌ಗಳು’ ಎಂದು ಬರೆಯುವಾಗ ಟ್ ಮತ್ತು ಗ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವುದು ಅದೇ. ಅದು ಬಿದ್ದುಹೋದರೆ ‘ಪ್ರಿಂಟ್ಗಳು’, ‘ಫೋಟೊಗ್ರಾಫರ್ಗಳು’ ಆಗುತ್ತದೆ. ಕೆಲವು ಸಿದ್ಧ ತಾಣ ವ್ಯವಸ್ಥೆಗಳು ಉಳಿಸುವಾಗ ಇದನ್ನು ಕಸವೆಂದು ಗುಡಿಸಿಬಿಡುತ್ತವೆ. ಮೆನುವಿನಲ್ಲಿ ‘ಪ್ರಿಂಟ್’ ಎಂದು ಏಕವಚನ ಇಟ್ಟಿರುವುದು ಹಾಗಾಗಿ ಎರಡು ರೀತಿಯಲ್ಲಿ ಒಳ್ಳೆಯದು. ಉಳಿದ ಪುಟಗಳಲ್ಲಿ ಉಳಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ.

ಇಂಗ್ಲಿಷ್ ಫೋಟೊ ತಾಣಗಳ ಮಾದರಿಗಳಲ್ಲಿ ಅಕ್ಷರಗಳ ನಡುವೆ ಅಂತರ ಹಿಗ್ಗಿಸಿರುತ್ತಾರೆ. ಕನ್ನಡಕ್ಕೆ ಅದನ್ನು ಸೊನ್ನೆ ಮಾಡಿ, ಇಲ್ಲದಿದ್ದರೆ ಪದ ಬಿಡಿಬಿಡಿಯಾಗುತ್ತದೆ. ಕೃತಿಯ ಹೆಸರನ್ನು ಓರೆ ಅಕ್ಷರದಲ್ಲಿ ಹಾಕುವ ರೂಢಿಯೂ ನಮಗೆ ಒಗ್ಗದು. ಸಾಮಾನ್ಯವಾಗಿ ಕನ್ನಡ ಫಾಂಟುಗಳಲ್ಲಿ ಓರೆಯ ರೂಪ ಇರುವುದಿಲ್ಲ, ಬ್ರೌಸರ್ ಇದ್ದದ್ದನ್ನೇ ವಾಲಿಸುತ್ತದೆ, ಒತ್ತಕ್ಷರಗಳು ಸೊಟ್ಟಗಾಗುತ್ತವೆ. ಒಂಟಿ ಉದ್ಧರಣ ಚಿಹ್ನೆ ಸಾಕು. ಸಾಲಿನ ಎತ್ತರ ಅಕ್ಷರದ 1.6 ಪಟ್ಟು ಇರಲಿ. 1.2 ಇಟ್ಟರೆ ‘ರಾಷ್ಟ್ರೀಯ’ದಂಥ ಪದದ ಒತ್ತು ಕೆಳಸಾಲಿನ ಗುಡಿಸಿಗೆ ತಗಲುತ್ತದೆ. ನೋಟೋ ಸೆರಿಫ್ ಕನ್ನಡ ಅಥವಾ ಅನೇಕ್ ಕನ್ನಡ, ಒಂದೇ ಫಾಂಟು, ಎರಡೇ ದಪ್ಪ. ಬಿಳಿ ಹಿನ್ನೆಲೆಯಲ್ಲಿ ತಿಳಿಬೂದು ಅಕ್ಷರ ಇಡುವ ಚಟ ಫೋಟೊ ತಾಣಗಳಿಗೆ ಬಹಳ. ಕಡಲದಂಡೆಯ ಬಿಸಿಲಲ್ಲಿ ಫೋನು ಹಿಡಿದವರಿಗೆ ಅದು ಕಾಣದು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಬೇಕು.

ಊರಿನ ಹೆಸರು: ಶಿರಸಿ, ಸಿರಸಿ, ಶಿರ್ಸಿ ಮೂರೂ ಚಾಲ್ತಿಯಲ್ಲಿವೆ. ಟಾಗೋರ್ ಕಡಲತೀರಕ್ಕೆ ಟ್ಯಾಗೋರ್, ಠಾಗೋರ್ ರೂಪಗಳೂ ಇವೆ. ಒಂದನ್ನು ಆರಿಸಿ ಎಲ್ಲ ಅಡಿಬರಹಗಳಲ್ಲೂ ಅದನ್ನೇ ಬಳಸಿ, ಇಲ್ಲವಾದರೆ ತಾಣದೊಳಗಿನ ಹುಡುಕಾಟದಲ್ಲಿ ಅರ್ಧ ಫೋಟೊ ಸಿಗುವುದಿಲ್ಲ. ಕಡತದ ಹೆಸರು ಮತ್ತು ಪುಟದ ವಿಳಾಸ ಮಾತ್ರ ರೋಮನ್ ಅಕ್ಷರದಲ್ಲಿರಲಿ. ಕನ್ನಡದ ‘ಕಾರವಾರ’ದಲ್ಲಿ ಯೂನಿಕೋಡ್ ಸಂಕೇತಗಳು ಆರು. ವಿಳಾಸವನ್ನು ನಕಲು ಮಾಡಿ ಕಳಿಸಿದಾಗ ಒಂದೊಂದೂ ಶೇಕಡಾ ಚಿಹ್ನೆಗಳೊಂದಿಗೆ 9 ಅಕ್ಷರವಾಗಿ ಹಿಗ್ಗುತ್ತದೆ. ನಾಲ್ಕಕ್ಷರದ ಊರು 54 ಅಕ್ಷರದ ಗೋಜಲಾಗುತ್ತದೆ.

ಉತ್ತರ 3

ಪ್ರಿಂಟ್ ಪುಟದ ಪದಗಳ ಬಗ್ಗೆ ಯಾರೂ ಹೇಳಲಿಲ್ಲ, ಹಣ ಕೈಬದಲಾಗುವ ಜಾಗ ಅದು.

‘ಸೀಮಿತ ಆವೃತ್ತಿ’ ಬೇಡ. ಪುಸ್ತಕ ಓದುವ ಕನ್ನಡಿಗರಿಗೆ ‘ಆವೃತ್ತಿ’ ಅಂದರೆ ಪರಿಷ್ಕರಿಸಿದ್ದು, ‘ಎರಡನೆಯ ಮುದ್ರಣ’ ಅಂದರೆ ಮತ್ತೆ ಅಚ್ಚಾದದ್ದು. ನೀವು ಹೇಳಹೊರಟಿರುವುದು, ಹತ್ತು ತೆಗೆದಮೇಲೆ ಹನ್ನೊಂದನೆಯದು ಇಲ್ಲ ಎಂದು. ಅದಕ್ಕೆ ನಮ್ಮ ಪುಸ್ತಕಗಳ ಒಳಪುಟದಲ್ಲೇ ಪದವಿದೆ: ಪ್ರತಿಗಳು. ‘3/10’ ಎಂದಷ್ಟೇ ಬರೆದರೆ ಪರೀಕ್ಷೆಯ ಅಂಕದಂತೆ ಕಾಣುತ್ತದೆ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಹಾಗೇ ಬರೆಯುವುದು ವಾಡಿಕೆ, ಇರಲಿ. ತಾಣದಲ್ಲಿ ‘ಒಟ್ಟು 10 ಪ್ರತಿ, ಇದು 3ನೆಯದು’ ಎಂದು ಬಿಡಿಸಿ. ಅಳತೆ ಬದಲಾದರೆ ಇನ್ನೊಂದು ಹತ್ತು ತೆಗೆಯುತ್ತೀರೋ ಇಲ್ಲವೋ ಎಂಬುದನ್ನೂ ಅಲ್ಲೇ ಹೇಳಿ, ಆಮೇಲೆ ಜಗಳ ಬರುವುದು ಅದಕ್ಕೇ.

‘ಶಾಶ್ವತ ಮುದ್ರಣ’ ಎಂದು ಎಲ್ಲೂ ಬರೆಯಬೇಡಿ. ಯಾವ ಪ್ರಿಂಟೂ ಶಾಶ್ವತವಲ್ಲ, ಕರಾವಳಿಯ ಮಳೆಗಾಲದ ತೇವದಲ್ಲಂತೂ ಅಲ್ಲ. ‘ಪಿಗ್ಮೆಂಟ್ ಶಾಯಿ, ಹತ್ತಿ ಕಾಗದ’ ಎಂದು ವಸ್ತುವಿನ ಹೆಸರು ಹೇಳಿದರೆ ತಿಳಿದವರಿಗೆ ಬಾಳಿಕೆ ಗೊತ್ತಾಗುತ್ತದೆ. ಜೊತೆಗೆ ಎರಡು ಸಾಲು ಎಚ್ಚರಿಕೆ: ಗಾಜು ಪ್ರಿಂಟಿಗೆ ತಾಗದಂತೆ ನಡುವೆ ರಟ್ಟಿನ ಮೌಂಟ್ ಇರಲಿ, ತೇವಕ್ಕೆ ಪ್ರಿಂಟ್ ಗಾಜಿಗೆ ಅಂಟಿದರೆ ಬಿಡಿಸಲು ಬರುವುದಿಲ್ಲ. ಮಳೆ ಹೊಡೆಯುವ ಗೋಡೆಗೆ ತೂಗುಹಾಕಬೇಡಿ, ಹಿಂಬದಿಯಿಂದ ಬೂಷ್ಟು ಹತ್ತುತ್ತದೆ.

‘ನಕಲು ಮಾಡುವಂತಿಲ್ಲ’ ಎಂದು ಫೋಟೊದ ನಡುಮಧ್ಯೆ ಅಡ್ಡಡ್ಡ ಬರೆಯುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ತಾಣಕ್ಕೆ ಉದ್ದದ ಬದಿ 2048 ಪಿಕ್ಸೆಲ್ ಇರುವ ಪ್ರತಿ ಸಾಕು. ಇಂಚಿಗೆ 300 ಪಿಕ್ಸೆಲ್‌ನಂತೆ ಅದನ್ನು ಅಚ್ಚು ಹಾಕಿದರೆ ಸುಮಾರು 6.8 ಇಂಚು ಬರುತ್ತದೆ. 12×18 ಇಂಚಿನ ಪ್ರಿಂಟ್ ಮಾರುವುದಾದರೆ ಅದಕ್ಕೆ 3600×5400 ಪಿಕ್ಸೆಲ್ ಬೇಕು, ಆ ಕಡತ ನಿಮ್ಮ ಬಳಿಯೇ ಇರುತ್ತದಲ್ಲ. ಕಡತವನ್ನು ಪರದೆಗಳಿಗೆ ಸಾಮಾನ್ಯವಾದ ಬಣ್ಣದ ವ್ಯವಸ್ಥೆ ಎಸ್‌ಆರ್‌ಜಿಬಿಗೆ ಬದಲಿಸಿ ಹಾಕಿ. ಅದಕ್ಕಿಂತ ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿಯಲ್ಲೇ ಬಿಟ್ಟು, ಯಾವ ವ್ಯವಸ್ಥೆ ಎಂದು ಹೇಳುವ ಕಡತದೊಳಗಿನ ಗುರುತೂ ಕಳಚಿಹೋದರೆ ಅಡಿಕೆ ತೋಟದ ಹಸಿರು ಸಪ್ಪೆಯಾಗುತ್ತದೆ. ಜೆಪೆಗ್ ಗುಣಮಟ್ಟ ನೂರಕ್ಕೆ 80ರ ಆಸುಪಾಸಿನಲ್ಲಿರಲಿ. ಯಾಣದ ಮಂಜು, ಆಷಾಢದ ಕಡಲಿನಂಥ ಬೂದು ಬಣ್ಣ ನಿಧಾನಕ್ಕೆ ತಿರುಗುವ ಫೋಟೊಗಳಲ್ಲಿ ಮಾತ್ರ 90ಕ್ಕೆ ಏರಿಸಿ, ಇಲ್ಲದಿದ್ದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಬೀಳುತ್ತದೆ.

ಪ್ರಿಂಟ್ ಪುಟದ ಗುಂಡಿಗೆ ‘ಖರೀದಿಸಿ’ ಎಂದು ಬರೆಯುವುದು, ಒತ್ತಿದೊಡನೆ ಹಣ ಕಟ್ಟುವ ವ್ಯವಸ್ಥೆ ಇದ್ದರೆ ಮಾತ್ರ. ಫೋನಿನಲ್ಲೇ ಮಾತಾಡಿ ವ್ಯವಹಾರ ಕುದುರಿಸುವುದಾದರೆ ‘ಬೆಲೆ ಕೇಳಿ’ ಎನ್ನುವ ಬದಲು ಬೆಲೆಯನ್ನು ಅಲ್ಲೇ ನಮೂದಿಸಿ, ಗುಂಡಿಗೆ ‘ಪ್ರಿಂಟ್ ಬೇಕು’ ಎಂದಿಡಿ. ಪ್ರಿಂಟಿನ ಸುತ್ತ ಬಿಡುವ ಬಿಳಿ ಅಂಚಿಗೆ ಸದ್ಯ ‘ಅಂಚು’ ಎಂದೇ ಬರೆಯುತ್ತಿದ್ದೇವೆ, ಆದರೆ ಚೌಕಟ್ಟಿನ ಅಂಚಿಗೂ ಅದೇ ಪದ. ಹೊನ್ನಾವರ, ಭಟ್ಕಳ ಕಡೆಯ ಫ್ರೇಮ್ ಅಂಗಡಿಗಳಲ್ಲಿ ಇದಕ್ಕೆ ಬೇರೆ ಮಾತಿದ್ದರೆ ತಿಳಿಸಿ.